ಕಲ್ಲಿನ ಮೂರ್ತಿಗೆ ಕಾರ್ಬನ್ ಡೇಟಿಂಗ್ ಮಾಡಲು ಸಾಧ್ಯವೇ?

‘ಕಾರ್ಬನ್ ಡೇಟಿಂಗ್‌ನಿಂದ ಸಾಬೀತು! ಈ ಕಲ್ಲಿನ ಮೂರ್ತಿಗೆ 5000 ವರ್ಷ!’ ಹಳೆಯ ಗುಡಿಯ ಫೋಟೊ ಹಾಕಿದ ಇಂಥ ಸಂದೇಶ ನಿಮ್ಮ ಗ್ರೂಪಿಗೂ ಬಂದಿರಬಹುದು. ಬೆಳಗಾವಿ ಕೋಟೆಯ ಕಮಲ ಬಸದಿ ಮತ್ತು ಖಾನಾಪುರ ತಾಲ್ಲೂಕಿನ ಹಲಸಿಯನ್ನು ಮುಂದಿಟ್ಟುಕೊಂಡು ಇದು ಆಗುವ ಮಾತೇ ಎಂದು ನೋಡೋಣ.

ಗಿಡಮರಗಳು ಗಾಳಿಯಿಂದ ಇಂಗಾಲ ಪಡೆಯುತ್ತವೆ, ಅವನ್ನು ತಿಂದ ಪ್ರಾಣಿಗಳಿಗೂ ಅದೇ ಸೇರುತ್ತದೆ. ಇದರಲ್ಲಿ ಸುಮಾರು ಒಂದು ಲಕ್ಷ ಕೋಟಿ ಪರಮಾಣುಗಳಿಗೆ ಒಂದರಂತೆ ಕಾರ್ಬನ್-14 ಇರುತ್ತದೆ. ಜೀವ ಹೋದ ಮೇಲೆ ಹೊಸದು ಸೇರುವುದಿಲ್ಲ; ಇದ್ದದ್ದು ಸುಮಾರು 5730 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಹೋಗುತ್ತದೆ. ಉಳಿದದ್ದನ್ನು ಅಳೆದರೆ ಜೀವ ಹೋದ ಕಾಲ ತಿಳಿಯುತ್ತದೆ. ಕಲ್ಲಿಗೆ ಜೀವವೇ ಇರಲಿಲ್ಲವಲ್ಲ! ಅದನ್ನು ಕೆತ್ತಿದ ವರ್ಷವನ್ನು ಈ ವಿಧಾನ ಹೇಳಲಾರದು. ತಾಮ್ರ, ಚಿನ್ನಕ್ಕೂ ಇದೇ ಮಾತು.

1940ರ ದಶಕದ ಕೊನೆಯಲ್ಲಿ ವಿಲ್ಲಾರ್ಡ್ ಲಿಬ್ಬಿ ರೂಪಿಸಿದ ಮೊದಲ ವಿಧಾನದಲ್ಲಿ ಕಾರ್ಬನ್-14 ಒಡೆಯುವುದನ್ನೇ ಕಾಯಬೇಕಿತ್ತು. ಒಂದು ಗ್ರಾಂ ತಾಜಾ ಇಂಗಾಲದಲ್ಲಿ ನಿಮಿಷಕ್ಕೆ ಸುಮಾರು 14 ಪರಮಾಣುಗಳು ಒಡೆಯುತ್ತವೆ, ಅಷ್ಟೇ. ಹಾಗಾಗಿ ಗ್ರಾಂಗಟ್ಟಲೆ ಇದ್ದಿಲು ಬೇಕಾಗುತ್ತಿತ್ತು. 1970ರ ದಶಕದ ಕೊನೆಗೆ ಬಂದ ಆಕ್ಸಲರೇಟರ್ ಮಾಸ್ ಸ್ಪೆಕ್ಟ್ರೋಮೆಟ್ರಿ, ಅಂದರೆ ಎಎಂಎಸ್, ಹೀಗೆ ಕಾಯುವುದಿಲ್ಲ. ಮಾದರಿಯನ್ನು ಗ್ರಾಫೈಟ್ ಆಗಿಸಿ, ಪರಮಾಣುಗಳಿಗೆ ವಿದ್ಯುದಾವೇಶ ಕೊಟ್ಟು, ಭಾರೀ ವೋಲ್ಟೇಜಿನಲ್ಲಿ ಓಡಿಸಿ, ಅಯಸ್ಕಾಂತದಿಂದ ತೂಕಕ್ಕೆ ತಕ್ಕಂತೆ ಬೇರ್ಪಡಿಸಿ, ಕಾರ್ಬನ್-14 ಅನ್ನು ಒಂದೊಂದಾಗಿ ಎಣಿಸುತ್ತದೆ. ಸುಮಾರು ಒಂದು ಮಿಲಿಗ್ರಾಂ ಇಂಗಾಲ ಸಾಕು. ಈ ಸೌಲಭ್ಯ ದೆಹಲಿಯ ಇಂಟರ್-ಯೂನಿವರ್ಸಿಟಿ ಆಕ್ಸಲರೇಟರ್ ಸೆಂಟರ್‌ನಲ್ಲಿದೆ.

ಒಂದು ಸುಟ್ಟ ಕಾಳಿನಿಂದಲೂ ಕಾಲ ತಿಳಿಯಬಹುದು ಎಂದಾಯಿತು. ಬಳ್ಳಾರಿ ಬಳಿಯ ಸಂಗನಕಲ್ಲು ಸೇರಿದಂತೆ ದಕ್ಷಿಣದ ನವಶಿಲಾಯುಗದ ನೆಲೆಗಳ ಇಂಥ ಕಾಲಗಣನೆಯನ್ನು ಧಾರವಾಡದ ರವಿ ಕೋರಿಶೆಟ್ಟರ್, ಡೋರಿಯನ್ ಫುಲ್ಲರ್ ಮತ್ತು ನಿಕೋಲ್ ಬೋಯಿವಿನ್ 2007ರಲ್ಲಿ ಪ್ರಕಟಿಸಿದರು.

ಹಾಗಾದರೆ ನಮ್ಮ ಗುಡಿ, ಬಸದಿಗಳ ಕಾಲ ಗೊತ್ತಾಗುವುದು ಹೇಗೆ? ಹೆಚ್ಚಾಗಿ ಶಾಸನದಿಂದ. ಬೆಳಗಾವಿಯ ಬಸದಿಗೆ ರಟ್ಟರ 4ನೇ ಕಾರ್ತವೀರ್ಯನ ಕಾಲದ 1204ರ ಶಾಸನದ ಆಧಾರವಿದೆ. ಹಲಸಿಯಲ್ಲಿ ಸಿಕ್ಕ ಕದಂಬರ ತಾಮ್ರಪಟಗಳನ್ನು ಲಿಪಿ ಮತ್ತು ರಾಜರ ಹೆಸರುಗಳಿಂದ 5-6ನೇ ಶತಮಾನದವೆಂದು ಗುರುತಿಸಲಾಗಿದೆ. ಇಷ್ಟು ಗಟ್ಟಿ ದಾಖಲೆ ಇರುವಾಗ 5000ದ ಸುಳ್ಳು ಏಕೆ ಬೇಕೋ ನಮಗಂತೂ ತಿಳಿಯದು.

ಅಡಿಪಾಯದ ಕೆಳಗಿನ ಪದರದಲ್ಲಿ ಇದ್ದಿಲು ಸಿಕ್ಕರೆ ಎಎಂಎಸ್ ನೆರವಾಗುತ್ತದೆ: ಕಟ್ಟಡ ಅದಕ್ಕಿಂತ ಹಳೆಯದಲ್ಲ ಎನ್ನಬಹುದು. ತೊಲೆಯ ಮರವಾದರೆ ಎಚ್ಚರ ಬೇಕು. ಅದು ಹೇಳುವುದು ಮರ ಬೆಳೆದ ಕಾಲವನ್ನು, ಗುಡಿ ಕಟ್ಟಿದ ಕಾಲವನ್ನಲ್ಲ.

ಮುಂದಿನ ಸಲ ಇಂಥ ಫಾರ್ವರ್ಡ್ ಬಂದರೆ ಕಳಿಸಿದವರನ್ನೇ ಕೇಳಿ: ಪರೀಕ್ಷಿಸಿದ್ದು ಕಲ್ಲೋ, ಇದ್ದಿಲೋ? ಎಲ್ಲಿಂದ ತೆಗೆದದ್ದು? ಯಾವ ಲ್ಯಾಬ್? ನಿಜವಾದ ವರದಿಯಲ್ಲಿ ವರ್ಷದ ಪಕ್ಕ ± ಎಂಬ ಗುರುತೂ, ಎಷ್ಟು ವರ್ಷ ಹಿಂದೆಮುಂದೆ ಆಗಬಹುದೆಂಬ ಅಂಕಿಯೂ ಇರುತ್ತದೆ.