ಆದಿಯಷ್ಟೇ ಅಂತ್ಯವೂ ಮುಖ್ಯ

ಕೋಲಾರದ ಗಣಿಗಳೆಂದೊಡನೆ ನಮಗೆ ನೆನಪಾಗುವುದು ಚಿನ್ನ. ಆದರೆ ಮೈಸೂರು ಮೈನ್ಸ್, ಚಾಂಪಿಯನ್ ರೀಫ್ ಮುಂತಾದೆಡೆಗಳಲ್ಲಿ ಕಲ್ಲನ್ನು ಕೊರೆದವರ ಪಾಲಿಗೆ ಬಂದುದು ಬೆಣಚುಕಲ್ಲಿನ ಧೂಳು. ಅದರಿಂದ ಸಿಲಿಕೋಸಿಸ್ ಎಂಬ ರೋಗವುಂಟಾಗುತ್ತದೆ. ಹಾಗೆ ಜರ್ಜರಿತವಾದ ಶ್ವಾಸಕೋಶದಲ್ಲಿ ಕ್ಷಯವು ಸುಲಭವಾಗಿ ನೆಲೆಯೂರುತ್ತದೆ. 2001ರಲ್ಲಿ ಗಣಿಗಳು ಮುಚ್ಚಿದರೂ, ಆ ಧೂಳನ್ನು ಉಸಿರಾಡಿದವರಿಗೆ ಅಪಾಯ ತಪ್ಪಿಲ್ಲ. ಆದುದರಿಂದ ಕ್ಷಯದ ಬ್ಯಾಕ್ಟೀರಿಯ ವೃದ್ಧಿಯಾಗುವ ಬಗೆಯು ಕೆ.ಜಿ.ಎಫ್., ಬಂಗಾರಪೇಟೆಗಳ ವಿದ್ಯಾರ್ಥಿಗಳಿಗೆ ಕೇವಲ ಪರೀಕ್ಷೆಯ ಪ್ರಶ್ನೆಯಲ್ಲ.

ಜೀವಕೋಶವೊಂದು ಎರಡಾಗಬೇಕಾದರೆ ಮೊದಲು ಅದರ ಡಿ.ಎನ್.ಎ. ನಕಲಾಗಬೇಕು. ಕ್ಷಯದ ಬ್ಯಾಕ್ಟೀರಿಯದ ಡಿ.ಎನ್.ಎ. ಬಳೆಯಂತೆ ದುಂಡಗಿದೆ, ಅದರಲ್ಲಿ ಸುಮಾರು 44 ಲಕ್ಷ ಪ್ರತ್ಯಾಮ್ಲ ಜೋಡಿಗಳಿವೆ. ನಕಲಿನ ಆರಂಭಕ್ಕೆ ನಿಯತವಾದ ಒಂದೇ ಸ್ಥಾನವುಂಟು. ವಿಶಿಷ್ಟವಾದ ಪ್ರೋಟೀನೊಂದರ ಅಣುಗಳು ಅಲ್ಲಿ ಗುಂಪುಗೂಡಿ ಎಳೆಗಳನ್ನು ಬಿಡಿಸುತ್ತವೆ. ನಕಲು ಎರಡು ದಿಕ್ಕುಗಳಲ್ಲಿ ಸಾಗಿ, ಬಳೆಯ ಎದುರು ಪಕ್ಕದಲ್ಲಿ ಸಂಧಿಸುತ್ತದೆ. ಅದು ಸಾಗುವಾಗ ಮುಂದಿರುವ ಭಾಗ ಬಿಗಿಯಾಗಿ ಹುರಿಗೊಳ್ಳುತ್ತದೆ. ಗೈರೇಸ್ ಎಂಬ ಕಿಣ್ವವು ಡಿ.ಎನ್.ಎ.ಯನ್ನು ಕತ್ತರಿಸಿ, ಹುರಿಯನ್ನು ಸಡಿಲಿಸಿ, ಪುನಃ ಬೆಸೆಯುತ್ತದೆ.

ನಮ್ಮ ಪಾಠಗಳು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲುತ್ತವೆ. ನನ್ನ ಆಕ್ಷೇಪವಿರುವುದು ಇದಕ್ಕೇ. ನಕಲು ಮುಗಿದಾಗ ಎರಡು ಬಳೆಗಳು ಸರಪಳಿಯ ಕೊಂಡಿಗಳಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆ. ಅವು ಬೇರ್ಪಡದೆ ಕೋಶವು ಎರಡಾಗಲಾರದು. ಇ. ಕೋಲೈ ಎಂಬ ಬ್ಯಾಕ್ಟೀರಿಯದಲ್ಲಿ ಈ ಕೆಲಸಕ್ಕೆ ಬೇರೊಂದು ಕಿಣ್ವವಿದೆ. ಕ್ಷಯದ ಬ್ಯಾಕ್ಟೀರಿಯದಲ್ಲಿ ಅದಿಲ್ಲ. ಎರಡೂ ಕೆಲಸಗಳನ್ನು ಗೈರೇಸೇ ಮಾಡಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿ. ನಾಗರಾಜ ಮತ್ತು ಅವರ ಸಂಗಡಿಗರು ಈ ವರ್ಗದ ಬ್ಯಾಕ್ಟೀರಿಯದ ಗೈರೇಸನ್ನು ಪರಿಶೀಲಿಸಿ, ಕೊಂಡಿ ಬಿಡಿಸುವ ಅದರ ಶಕ್ತಿ ಪ್ರಬಲವಾದುದೆಂದು ತೋರಿಸಿಕೊಟ್ಟಿದ್ದಾರೆ.

ಲೆವೊಫ್ಲಾಕ್ಸಸಿನ್, ಮಾಕ್ಸಿಫ್ಲಾಕ್ಸಸಿನ್ ಎಂಬ ಔಷಧಗಳು ಗೈರೇಸನ್ನು ಅದು ಡಿ.ಎನ್.ಎ.ಯನ್ನು ಕತ್ತರಿಸಿದ ಹಂತದಲ್ಲಿಯೇ ಹಿಡಿದು ನಿಲ್ಲಿಸುತ್ತವೆ. ಸಾಮಾನ್ಯ ಔಷಧಗಳಿಗೆ ಬಗ್ಗದ ಕ್ಷಯಕ್ಕೆ ಇವು ಮುಖ್ಯ ಆಸರೆ. ಆದರೆ ನಕಲಿನಲ್ಲಿ ಆಗೀಗ ತಪ್ಪುಗಳಾಗುವುದುಂಟು. ಗೈರೇಸಿನ ಜೀನಿನಲ್ಲಿ ಅಂತಹ ತಪ್ಪಾದರೆ ಔಷಧದ ಹಿಡಿತ ತಪ್ಪಬಹುದು. ಕೆಮ್ಮಿಗೆ ಕ್ಷಯವೇ ಕಾರಣವಾಗಿರುವಾಗ ವೈದ್ಯರನ್ನು ಕೇಳದೆ ಇಂತಹ ಗುಳಿಗೆಗಳನ್ನು ಕೆಲವು ದಿನ ನುಂಗಿ ಬಿಟ್ಟರೆ, ದುರ್ಬಲವಾದವು ಸತ್ತು, ಔಷಧಕ್ಕೆ ಜಗ್ಗದವು ಉಳಿದು ಬೆಳೆಯುತ್ತವೆ.

ಆದುದರಿಂದ ಉಪಾಧ್ಯಾಯರು ನಕಲಿನ ಆದಿಯೊಡನೆ ಅಂತ್ಯವನ್ನೂ ಬೋಧಿಸಲಿ. ವಿದ್ಯಾರ್ಥಿಗಳು ಅದನ್ನು ಮನೆಯ ಹಿರಿಯರಿಗೆ ವಿವರಿಸಿ, ಬಹುಕಾಲದ ಕೆಮ್ಮಿಗೆ ಮೊದಲು ಕಫದ ಪರೀಕ್ಷೆಯಾಗಬೇಕೆಂದೂ, ಆರಂಭಿಸಿದ ಚಿಕಿತ್ಸೆ ಪೂರ್ಣವಾಗಬೇಕೆಂದೂ ಮನಗಾಣಿಸಲಿ.