ಬೀರುವಿನ ಗಣಕ ತೋಟಕ್ಕಿಳಿಯಲಿ

ಕಳೆದ ಮಳೆಗಾಲದಲ್ಲಿ ನೆರೆಮನೆಯ ಹಿರಿಯ ಕೃಷಿಕರೊಬ್ಬರು ನನ್ನ ಅಂಗೈಯಲ್ಲಿದ್ದ ಹಸುರು ಹಲಗೆಯನ್ನು ನೋಡಿ, “ಮಾಷ್ಟ್ರೇ, ಇದು ರೇಡಿಯೋದ ಹೊಟ್ಟೆಯೊಳಗಿನ ಸಾಮಾನೋ?” ಎಂದು ಕೇಳಿದರು. ಅಲ್ಲ, ಇದೊಂದು ಪೂರ್ಣ ಗಣಕಯಂತ್ರ ಎಂದೆ. “ಹಾಗಾದರೆ ಅಡಿಕೆ ಸುಲಿಯುತ್ತದೋ?” ಎಂದು ನಕ್ಕರು. ಮಾತು ಹಾಸ್ಯದ್ದಾದರೂ ಪ್ರಶ್ನೆ ನ್ಯಾಯವಾದದ್ದೇ. ಯಂತ್ರದಿಂದ ಏನಾಗುತ್ತದೆ, ಏನಾಗದು ಎಂದು ತಿಳಿಯದೆ ಹಣ ಬಿಚ್ಚುವುದು ಕೃಷಿಕನಿಗೆ ತಕ್ಕುದಲ್ಲ.

ಈ ಹಲಗೆಯ ಹೆಸರು ರಾಸ್ಪ್‌ಬೆರಿ ಪೈ. ಗಣಕಶಾಸ್ತ್ರ ಕಲಿಯಲು ಬರುವ ಹುಡುಗರು ಕಡಿಮೆಯಾದರೆಂದೂ, ಬಂದವರಿಗೂ ಯಂತ್ರದ ಒಳಗುಟ್ಟು ತಿಳಿದಿಲ್ಲವೆಂದೂ ಇಂಗ್ಲೆಂಡಿನ ಕೇಂಬ್ರಿಜ್‌ನಲ್ಲಿ ಎಬೆನ್ ಅಪ್ಟನ್ ಮತ್ತು ಅವರ ಸಂಗಡಿಗರು ಚಿಂತಿಸಿ ಇದನ್ನು ರೂಪಿಸಿದರು. 2012ನೇ ಇಸವಿಯ ಫೆಬ್ರವರಿ 29ರಂದು ಅದು ಮಾರಾಟಕ್ಕೆ ಬಂತು. ಆಗಿನ ಬೆಲೆ 35 ಡಾಲರ್. ಸುಮಾರು 85 ಮಿಲಿಮೀಟರ್ ಉದ್ದ, 56 ಮಿಲಿಮೀಟರ್ ಅಗಲ. ಪರದೆಯಿಲ್ಲ, ಕೀಲಿಮಣೆಯಿಲ್ಲ; ಮನೆಯ ಟೀವಿಗೇ ಜೋಡಿಸಬಹುದು. ಐದು ವೋಲ್ಟಿನ ವಿದ್ಯುತ್ತು ಸಾಕು. ಇದಕ್ಕಿಂತ ಸರಳವಾದದ್ದು 2005ರಲ್ಲಿ ಇಟಲಿಯಲ್ಲಿ ಹುಟ್ಟಿದ ಆರ್ಡುಯಿನೊ. ಅದು ಪೂರ್ಣ ಗಣಕವಲ್ಲ. ಹೇಳಿಕೊಟ್ಟ ಒಂದು ಕೆಲಸವನ್ನು ಬೇಸರವಿಲ್ಲದೆ ಮಾಡುತ್ತಿರುವ ಆಳು ಎನ್ನಬಹುದು.

ನನ್ನ ಅಭಿಪ್ರಾಯ ಇಷ್ಟೆ: ಈ ಹಲಗೆಗಳು ತೋಟಗಾರನ ಬುದ್ಧಿಗೆ ಬದಲಿಯಲ್ಲ; ಅವನ ಕಣ್ಣಿಗೆ ಊರುಗೋಲು. ನಾವು ಮಲಗಿದಾಗಲೂ ಇವು ನೋಡುತ್ತವೆ, ನೋಡಿದ್ದನ್ನು ಬರೆದಿಡುತ್ತವೆ.

ಕೊಳೆರೋಗದ ವಿಷಯವನ್ನೇ ತೆಗೆದುಕೊಳ್ಳೋಣ. ಬಿಡದೆ ಸುರಿಯುವ ಮಳೆ, 20ರಿಂದ 23 ಡಿಗ್ರಿಯ ತಂಪು, ನೂರಕ್ಕೆ 90 ಮೀರಿದ ತೇವಾಂಶ ಇವು ಕೂಡಿದಾಗ ರೋಗ ಹಬ್ಬುತ್ತದೆ. ಮಳೆ ಹಿಡಿಯುವ ಮೊದಲೊಮ್ಮೆ, 40–45 ದಿನಗಳ ಬಳಿಕ ಇನ್ನೊಮ್ಮೆ ನೂರಕ್ಕೆ ಒಂದರ ಬೋರ್ಡೋ ಮದ್ದು ಬಿಡುವುದು ನಮಗೆಲ್ಲ ತಿಳಿದ ಕ್ರಮ. ಆದರೆ ಎರಡನೆಯ ಮದ್ದಿಗೆ ತಡವಾದಾಗ, “ಈ ಸಲ ಮಳೆ ಹೇಗಿತ್ತು?” ಎಂದರೆ ಊರಿನ ಹತ್ತು ಮಂದಿ ಹತ್ತು ಉತ್ತರ ಕೊಡುತ್ತೇವೆ. ತೇವಾಂಶ ಅಳೆಯುವ ಒಂದು ಬಿಲ್ಲೆ, ತುಂಬಿದಾಗ ತಾನೇ ಮಗುಚುವ ಮಳೆಬಟ್ಟಲು ಇವನ್ನು ಹಲಗೆಗೆ ಜೋಡಿಸಿದರೆ ಎಷ್ಟು ಮಗುಚಿತೆಂಬ ಎಣಿಕೆಯಿಂದ ಮಳೆಯ ಲೆಕ್ಕ ಸಿಗುತ್ತದೆ. ನೆನಪಿನ ಜಗಳ ಅಲ್ಲಿಗೆ ಮುಗಿಯಿತು.

ನೀರಿನದೂ ಹೀಗೆಯೇ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರ್ ಮೀರಿ ಮಳೆ ಬೀಳುವ ನಮ್ಮ ಕಾಸರಗೋಡಿನಲ್ಲೇ ಮಾರ್ಚಿಗೆ ಕೆರೆ ತಳ ಕಾಣುತ್ತದೆ. ಅಡಿಕೆಗೆ ನವೆಂಬರ್–ಡಿಸೆಂಬರಿನಲ್ಲಿ ಏಳೆಂಟು ದಿನಕ್ಕೊಮ್ಮೆ, ಮಾರ್ಚಿನಿಂದ ಮೇವರೆಗೆ ಮೂರರಿಂದ ಐದು ದಿನಕ್ಕೊಮ್ಮೆ, ಮರವೊಂದಕ್ಕೆ ಸುಮಾರು 175 ಲೀಟರ್ ಎಂದು ಶಿಫಾರಸು ಉಂಟು. ಎಕ್ರೆಗೆ 550 ಮರವೆಂದರೂ ಒಂದು ಸಲಕ್ಕೆ 96,250 ಲೀಟರ್! ರಾತ್ರಿ ಪಂಪು ಹಾಕಿ ನಿದ್ದೆ ಹೋದರೆ ಎಷ್ಟು ನೀರು ಹೊಳೆ ಸೇರುತ್ತದೆಂಬುದನ್ನು ವಾಚಕರೇ ಲೆಕ್ಕ ಹಾಕಲಿ. ಹೊತ್ತು ನೋಡಿ ಪಂಪು ನಿಲ್ಲಿಸುವುದು, ಟ್ಯಾಂಕಿಯ ಮಟ್ಟ ಹೇಳುವುದು ಈ ಹಲಗೆಗಳಿಗೆ ಸುಲಭ. ಆದರೆ ಒಂದು ಎಚ್ಚರಿಕೆ: ಪಂಪಿನ ತಂತಿಯನ್ನು ಹಲಗೆಗೆ ನೇರವಾಗಿ ಮುಟ್ಟಿಸಕೂಡದು. ನಡುವೆ ರಿಲೇ, ಕಾಂಟ್ಯಾಕ್ಟರ್ ಬೇಕು. ಆ ಕೆಲಸ ಬಲ್ಲ ವಿದ್ಯುತ್ ಕೆಲಸಗಾರನದು, ಮಕ್ಕಳದಲ್ಲ. ಮಣ್ಣಿನ ತೇವ ನೋಡುವ ಕಡ್ಡಿಗಳಲ್ಲೂ ಲೋಹ ಬರಿದಾಗಿರುವಂಥವು ಬೇಗ ತುಕ್ಕು ಹಿಡಿಯುತ್ತವೆ. ಲೇಪವಿರುವ ಕೆಪಾಸಿಟಿವ್ ಜಾತಿಯದು ಹೆಚ್ಚು ಬಾಳುತ್ತದೆ.

ನಾನು ಮಾಡಿಕೊಂಡ ಪೆಟ್ಟನ್ನೂ ಮುಚ್ಚಿಡುವುದಿಲ್ಲ. ಪಂಪು ಶೆಡ್ಡಿನಲ್ಲಿ ಒಂದು ಪೈ ಇಟ್ಟಿದ್ದೆ. ಹಿಂಗಾರಿನ ಗುಡುಗಿನ ಸಂಜೆ ಥಟ್ಟನೆ ವಿದ್ಯುತ್ತು ಹೋಯಿತು. ಬರೆಯುತ್ತಿದ್ದ ಮೆಮೊರಿ ಕಾರ್ಡು ಕೆಟ್ಟು ಎರಡು ತಿಂಗಳ ಲೆಕ್ಕ ಅಳಿಸಿಹೋಯಿತು. ಬ್ಯಾಟರಿಯ ಆಸರೆ ಕೊಡದಿದ್ದದ್ದು ನನ್ನದೇ ತಪ್ಪು. ಪುಣ್ಯಕ್ಕೆ ಏಳನೆಯ ತರಗತಿಯ ಹುಡುಗಿಯೊಬ್ಬಳು ಪ್ರತಿದಿನದ ಅಂಕಿಯನ್ನು ತನ್ನ ನೋಟುಬುಕ್ಕಿನಲ್ಲಿ ಬರೆದಿಟ್ಟಿದ್ದಳು. “ಯಂತ್ರ ಮರೆತರೆ ಎಂದು ಬರೆದೆ ಮಾಷ್ಟ್ರೇ” ಎಂದಳು. ಅಂದಿನಿಂದ ನಮ್ಮಲ್ಲಿ ಯಂತ್ರಕ್ಕೊಂದು ಪುಸ್ತಕ ತಪ್ಪದೆ ಉಂಟು.

ಇನ್ನು ಮುಖ್ಯ ಮಾತಿಗೆ ಬರುತ್ತೇನೆ. ಕೇರಳದ ಪ್ರೌಢಶಾಲೆಗಳಲ್ಲಿ 2018ರಿಂದ ‘ಲಿಟ್ಲ್ ಕೈಟ್ಸ್’ ಕೂಟಗಳಿವೆ. ಆರ್ಡುಯಿನೊ ಪೆಟ್ಟಿಗೆಗಳೂ ಶಾಲೆಗಳಿಗೆ ಬಂದಿವೆ. ನಾನು ಕಂಡ ಒಂದೆಡೆ ಪೆಟ್ಟಿಗೆ ಬೀರುವಿನಲ್ಲಿತ್ತು, ಕೀಲಿಕೈ ಬೇರೆಲ್ಲೋ ಇತ್ತು. ಇನ್ನೊಂದೆಡೆ ಮಕ್ಕಳು ಮೇಳಕ್ಕಾಗಿ ಪ್ರತಿವರ್ಷವೂ ರಸ್ತೆಯ ಸಂಚಾರ ದೀಪವನ್ನೇ ಮಾಡುತ್ತಿದ್ದರು. ಆ ಊರಿನಲ್ಲಿ ಸಂಚಾರ ದೀಪವೇ ಇಲ್ಲ! ಇರುವುದು ಕಂಗು, ತೆಂಗು, ಸುರಂಗ, ಕೆರೆ. ಮಕ್ಕಳು ಅವನ್ನು ಅಳೆಯಲಿ. ಒಂದು ಎಕ್ರೆಯ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್ ಎಂಬ ಲೆಕ್ಕವನ್ನು ಮಗು ತಾನೇ ಮಾಡಿ ಅಪ್ಪನಿಗೆ ಹೇಳಿದರೆ, ಆ ಪಾಠ ಮರೆತುಹೋದೀತೆ?

ಅದೂ ಕನ್ನಡದಲ್ಲಿ ನಡೆಯಬೇಕು. ಗಡಿಯಾಚೆಯ ನಮ್ಮ ಭಾಷೆಯನ್ನು ಹಬ್ಬದ ವೇದಿಕೆಯಲ್ಲಿ ಮಾತ್ರ ಉಳಿಸಿಕೊಂಡರೆ ಸಾಲದು. ಪಂಪು ಶೆಡ್ಡಿನಲ್ಲೂ ಅದಕ್ಕೆ ಕೆಲಸ ಕೊಡಬೇಕು. ಅಗ್ಗದ ಎರಡು ಸಾಲಿನ ಪುಟ್ಟ ಪರದೆಗೆ ನಮ್ಮ ಅಕ್ಷರ ಬಾರದು, ನಿಜ. ಆದರೆ ಪೈಯನ್ನು ಟೀವಿಗೆ ಜೋಡಿಸಿದರೆ ‘ಕೆರೆಯ ನೀರು ಮೂರು ಅಡಿ’ ಎಂದು ಅಚ್ಚುಕಟ್ಟಾಗಿ ಬರುತ್ತದೆ. ಅದನ್ನು ಅಜ್ಜಿಯೂ ಓದಬಲ್ಲಳು. ಯಂತ್ರದ ಮಾತು ತಮ್ಮ ಭಾಷೆಯಲ್ಲ ಎಂದು ಮಕ್ಕಳಿಗೆ ತೋರಿದರೆ, ನಾಳೆ ಅವರು ತೋಟವನ್ನೂ ಭಾಷೆಯನ್ನೂ ಒಟ್ಟಿಗೇ ಬಿಟ್ಟು ಹೋದಾರು.

ದೊಡ್ಡ ಬೆಲೆಯ ‘ಬುದ್ಧಿವಂತ ಕೃಷಿ’ ಪೆಟ್ಟಿಗೆ ಮಾರಲು ಬಂದವರಿಗೆ ಅವಸರದಲ್ಲಿ ಹಣ ಕೊಡಬೇಡಿ. ಮೊದಲು ನಿಮ್ಮೂರ ಶಾಲೆಗೆ ಹೋಗಿ, ಬೀರು ತೆರೆಯಿಸಿ. ಶಿಕ್ಷಕ ಬಂಧುಗಳೇ, ಬರುವ ಮಳೆಗಾಲಕ್ಕೆ ಮುನ್ನ ಒಂದೇ ಒಂದು ಮಳೆಬಟ್ಟಲು ಜೋಡಿಸಿ. ಅದರ ಅಂಕಿಯನ್ನು ಮಕ್ಕಳೇ ಹಾಲು ಸೊಸೈಟಿಯ ಹಲಗೆಯ ಮೇಲೆ ಸೀಮೆಸುಣ್ಣದಿಂದ ಕನ್ನಡದಲ್ಲಿ ಬರೆಯಲಿ. ಹಿರಿಯರ ಪ್ರಶ್ನೆಗೆ ಆಗ ಉತ್ತರ ಸಿಕ್ಕೀತು: ಇದು ಅಡಿಕೆ ಸುಲಿಯುವುದಿಲ್ಲ, ಸುಲಿಯಲು ಅಡಿಕೆ ಉಳಿಯುವಂತೆ ನೋಡಿಕೊಳ್ಳಲು ನಮಗೆ ನೆರವಾಗುತ್ತದೆ.