ಗಿಟಾರಿನ ನಾದಕ್ಕೊಂದು ಕೊಠಡಿ ಬೇಕು

ಮೇಲೊಂದು ಮನೆ, ಕೆಳಗೊಂದು ಮನೆ, ಎಡಬಲಗಳಲ್ಲಿ ಒಂದೊಂದು ಗೋಡೆಯಷ್ಟೇ ಅಂತರದಲ್ಲಿ ಮತ್ತೆರಡು ಮನೆಗಳಿರುವ ಬೆಂಗಳೂರಿನ ಬ್ರೂಕ್‌ಫೀಲ್ಡಿನ ಅಪಾರ್ಟ್‌ಮೆಂಟುಗಳಲ್ಲಿ ಎಲೆಕ್ಟ್ರಿಕ್ ಗಿಟಾರನ್ನು ಸಾಧನೆ ಮಾಡತಕ್ಕವರು ತಮ್ಮ ವಾಲ್ವ್ ಆಂಪ್ಲಿಫೈಯರನ್ನು ಬದಿಗಿರಿಸಿ ಆಂಪ್ಲಿಫೈಯರಿನ ನಾದವನ್ನು ಗಣಿತದಿಂದ ಅನುಕರಿಸಿ ಹೆಡ್‌ಫೋನಿಗೆ ಕಳುಹಿಸುವ ಡಿಜಿಟಲ್ ಮಾಡೆಲರನ್ನು ಕೈಗೆತ್ತಿಕೊಂಡರೆ, ಅದನ್ನು ಕಲೆಯ ಮಾರ್ಗದಿಂದ ಸೌಕರ್ಯದ ಮಾರ್ಗಕ್ಕೆ ಜಾರಿದಂತೆಂದು ಹಳಿಯುವವರುಂಟು. ಆ ನಿಂದೆ ಸರ್ವಥಾ ಅನ್ಯಾಯವೆಂದೇ ನನ್ನ ಅಭಿಪ್ರಾಯ. ಆದರೆ ಅಂಥ ಯಂತ್ರವೊಂದು ದೊರೆತಿದೆಯೆಂಬ ಸಮಾಧಾನದಲ್ಲಿ, ಒಟ್ಟಿಗೆ ಬಾಳುವ ನಾವೆಲ್ಲರೂ ಸಂಗೀತಕ್ಕೆ ಸಲ್ಲಿಸಬೇಕಾದ ಒಂದು ಋಣವನ್ನು ಮರೆಯತೊಡಗಿದ್ದೇವೆ. ಅದನ್ನು ಕುರಿತೇ ಈ ಬರೆಹ.

ಒಂದು ಕಾಲದಲ್ಲಿ ನಮ್ಮ ವಾದ್ಯಗಾರರ ಕಷ್ಟ ಇದಕ್ಕೆ ತದ್ವಿರುದ್ಧವಾಗಿತ್ತು. ಧ್ವನಿವರ್ಧಕಗಳಿಲ್ಲದ ಸಭೆಗಳಲ್ಲಿ ಪಿಟೀಲಿನ ನಾದವು ಹಿಂದಿನ ಸಾಲುಗಳನ್ನು ಮುಟ್ಟದಿದ್ದುದರಿಂದ, ಮೈಸೂರು ಟಿ. ಚೌಡಯ್ಯನವರು 1920ರ ದಶಕದಲ್ಲಿ ನಾಲ್ಕು ತಂತಿಗಳಿಗೆ ಮತ್ತೆ ಮೂರನ್ನು ಕೂಡಿಸಿ ಏಳು ತಂತಿಗಳ ಪಿಟೀಲನ್ನು ರೂಪಿಸಿಕೊಂಡರು. ವಾದ್ಯವನ್ನು ಕಾಲದೇಶಗಳಿಗೆ ತಕ್ಕಂತೆ ಮಾರ್ಪಡಿಸಿಕೊಳ್ಳುವುದು ಅಪರಾಧವಾಗಿದ್ದರೆ ಮಲ್ಲೇಶ್ವರದಲ್ಲಿ ಪಿಟೀಲಿನ ಆಕಾರದ ಆ ಸಭಾಭವನ ಅವರ ಹೆಸರಿನಲ್ಲಿ ಏಳುತ್ತಿರಲಿಲ್ಲ.

ಇಂದಿನ ಗಿಟಾರ್ ವಾದಕನಿಗಾದರೋ ನಾದದ ಕೊರತೆಯಿಲ್ಲ, ಅತಿರೇಕವುಂಟು. 1962ರಲ್ಲಿ ಲಂಡನ್ನಿನ ಜಿಮ್ ಮಾರ್ಷಲ್ ಅವರ ಅಂಗಡಿಯಲ್ಲಿ ಹುಟ್ಟಿದ ಆಂಪ್ಲಿಫೈಯರಿನಂಥವುಗಳಲ್ಲಿ, ವಾಲ್ವುಗಳನ್ನು ಅವುಗಳ ಶಕ್ತಿಯ ಮಿತಿಯವರೆಗೂ ದುಡಿಸಿದಾಗ, ಸ್ವರತರಂಗದ ಶಿಖರಗಳು ಚೂಪಾಗಿ ಮುರಿಯದೆ ದುಂಡಾಗಿ ಸವೆದು ಹೊಸ ಅನುಸ್ವರಗಳು ಮೂಡುತ್ತವೆ. ಬೆರಳಿನ ಮೆದುಸ್ಪರ್ಶಕ್ಕೆ ಒಂದು ಬಗೆಯಾಗಿ, ಬಿರುಸಿಗೆ ಮತ್ತೊಂದು ಬಗೆಯಾಗಿ ವಾದ್ಯವು ಓಗೊಡುತ್ತದೆ. ಆ ಸೊಬಗು ಪೂರ್ಣವಾಗಿ ಒದಗುವುದು ಸದ್ದನ್ನು ಏರಿಸಿದಾಗಲೇ. ಐವತ್ತು ವಾಟ್‌ನ ವಾಲ್ವ್ ಆಂಪ್ ಮೈದುಂಬಿ ನುಡಿದರೆ ಸದ್ದು ಅನಾಯಾಸವಾಗಿ 105 ಡೆಸಿಬೆಲ್ ಮೀರುತ್ತದೆ. ನಮ್ಮ ದೇಶದ 2000ದ ಶಬ್ದಮಾಲಿನ್ಯ ನಿಯಮಗಳಾದರೋ ವಸತಿ ಪ್ರದೇಶಕ್ಕೆ ಹಗಲಿನಲ್ಲಿ 55, ರಾತ್ರಿ ಹತ್ತರ ನಂತರ 45 ಡೆಸಿಬೆಲ್ ಎಂದು ಮೇರೆ ಹಾಕಿವೆ. ಹತ್ತು ಡೆಸಿಬೆಲ್ ಏರಿಕೆಯೆಂದರೆ ಶಬ್ದಶಕ್ತಿಯು ಹತ್ತು ಪಟ್ಟಾಯಿತೆಂದೇ ಲೆಕ್ಕ. ಹಾಗಾಗಿ 55ಕ್ಕೂ 105ಕ್ಕೂ ನಡುವಣ ಅಂತರ ಒಂದು ಲಕ್ಷ ಪಟ್ಟು. ರಾತ್ರಿಯ ಪಾಳಿ ಮುಗಿಸಿ ಬಂದು ಹಗಲು ಮಲಗುವವರು ಪಕ್ಕದ ಮನೆಯಲ್ಲಿರುವಾಗ, ಈ ಲಕ್ಷ ಪಟ್ಟನ್ನು ಯಾವ ಸೌಜನ್ಯದಿಂದಲೂ ಸರಿದೂಗಿಸಲಾಗದು.

ಮಾಡೆಲರ್ ಈ ಬಿಕ್ಕಟ್ಟಿಗೆ ಕಂಡುಕೊಂಡ ಪರಿಹಾರ. ಲೈನ್ 6 ಸಂಸ್ಥೆ 1998ರಲ್ಲಿ ಹೊರತಂದ ಪಾಡ್ ಎಂಬ ಪುಟ್ಟ ಯಂತ್ರದಿಂದ ಜನಪ್ರಿಯವಾದ ಈ ವಿದ್ಯೆ, 2006ರ ಆಕ್ಸ್-ಎಫ್‌ಎಕ್ಸ್, 2015ರ ಹೀಲಿಕ್ಸ್‌ಗಳನ್ನು ದಾಟಿ ಇಂದು ಪರಿಣತರ ಕಿವಿಯನ್ನೂ ಒಪ್ಪಿಸುವಷ್ಟು ಬೆಳೆದಿದೆ. ಆಂಪಿನ ವಿದ್ಯುನ್ಮಂಡಲದ ಒಂದೊಂದು ಅಂಗವನ್ನೂ ಗಣಿತದಲ್ಲಿ ಪುನಾರಚಿಸುವುದು ಇದರ ಒಂದು ಮಾರ್ಗ. ಒಳಹೊಕ್ಕ ಸ್ವರವನ್ನೂ ಹೊರಬಂದ ಸ್ವರವನ್ನೂ ಹೋಲಿಸಿ ನ್ಯೂರಲ್ ನೆಟ್‌ವರ್ಕಿಗೆ ಆಂಪಿನ ಸ್ವಭಾವವನ್ನೇ ಕಲಿಸಿಬಿಡುವುದು ಇನ್ನೊಂದು ಮಾರ್ಗ. ಎರಡನೆಯದನ್ನು ಅನುಸರಿಸುವ ನ್ಯೂರಲ್ ಆಂಪ್ ಮಾಡೆಲರ್ ಎಂಬ ತಂತ್ರಾಂಶ ಯಾರಿಗಾದರೂ ಉಚಿತವಾಗಿ ದೊರೆಯುತ್ತದೆ. ತಂತಿ ಮೀಟಿದ ಕೆಲವೇ ಮಿಲಿಸೆಕೆಂಡುಗಳಲ್ಲಿ ಸ್ವರವು ಹೆಡ್‌ಫೋನನ್ನು ಮುಟ್ಟುತ್ತದೆ. ಗಾಳಿಯಲ್ಲಿ ಸದ್ದು ಒಂದು ಮೀಟರ್ ಚಲಿಸಲು ಸುಮಾರು ಮೂರು ಮಿಲಿಸೆಕೆಂಡು ಹಿಡಿಯುವುದರಿಂದ, ಈ ವಿಳಂಬವು ಆಂಪಿನಿಂದ ಒಂದೆರಡು ಹೆಜ್ಜೆ ದೂರ ನಿಂತು ನುಡಿಸಿದುದಕ್ಕಿಂತ ಹೆಚ್ಚಲ್ಲ. ಹೊಸಬರಿಗೆ ಒಂದೇ ಮಾತನ್ನು ಹೇಳಬಯಸುತ್ತೇನೆ: ಯಂತ್ರದೊಳಗೆ ಮೊದಲೇ ಸಿದ್ಧಪಡಿಸಿಟ್ಟ ನೂರಾರು ಪ್ರೀಸೆಟ್‌ಗಳನ್ನು ತಿರುವುತ್ತ ಸಂಜೆಗಳನ್ನು ಕಳೆಯದೆ, ಒಂದು ಆಂಪನ್ನೂ ಒಂದು ಸ್ಪೀಕರ್ ಕ್ಯಾಬಿನೆಟ್ಟನ್ನೂ ಆರಿಸಿಕೊಂಡು ಬೆರಳಿಗೆ ಕೆಲಸ ಕೊಡಿರಿ.

ಇಂಥ ಪರಿವರ್ತನೆ ಈ ಊರಿಗೆ ಹೊಸತೂ ಅಲ್ಲ. ಬ್ರೂಕ್‌ಫೀಲ್ಡಿಗೆ ಬಹುದೂರವಲ್ಲದ ಎಚ್‌ಎಎಲ್‌ನಲ್ಲಿ ಎಂಜಿನಿಯರಾಗಿದ್ದ, ಕೊಳಲು ವಾದಕರೂ ಆದ ಜಿ. ರಾಜ್ ನಾರಾಯಣ್ 1979ರಲ್ಲಿ, ತಂಬೂರಿಯ ಬದಲು ಆಧಾರಶ್ರುತಿಯನ್ನು ನುಡಿಸುವ ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆಯನ್ನು ನಿರ್ಮಿಸಿದರು; ಅವರ ರಾಡೆಲ್ ಸಂಸ್ಥೆಯ ಪೆಟ್ಟಿಗೆಗಳು ಮುಂದೆ ಅಸಂಖ್ಯ ವಿದ್ಯಾರ್ಥಿಗಳ ಏಕಾಂತ ಸಾಧನೆಗೆ ಆಧಾರವಾದವು. ಆ ಉಪಕಾರ ದೊಡ್ಡದು. ಆದರೂ ಕಛೇರಿಯ ವೇದಿಕೆಯಲ್ಲಿ ಗಾಯಕನ ಹಿಂದೆ ಕುಳಿತು ತಂಬೂರಿ ಮೀಟುತ್ತ, ಮೀಟುವಾಗಲೇ ವಿದ್ಯೆಯನ್ನು ಕಿವಿದುಂಬಿಕೊಳ್ಳುತ್ತಿದ್ದ ಶಿಷ್ಯನ ಸ್ಥಾನ ಎಷ್ಟೋ ಕಡೆಗಳಲ್ಲಿ ತೆರವಾಯಿತು. ಇದರಲ್ಲಿ ಪೆಟ್ಟಿಗೆಯ ತಪ್ಪೇನೂ ಇರಲಿಲ್ಲ. ಆ ಸ್ಥಾನವನ್ನು ಉಳಿಸಿಕೊಳ್ಳಬೇಕೆಂಬ ಸಂಕಲ್ಪ ನಮ್ಮಲ್ಲಿ ಇರಲಿಲ್ಲ.

ಹೆಡ್‌ಫೋನಿನ ವಿಷಯದಲ್ಲಿ ನನ್ನ ಆತಂಕವೂ ಇದೇ. ಡ್ರಮ್ ಬಾರಿಸುವವನ ಕಣ್ಸನ್ನೆಯನ್ನು ಗ್ರಹಿಸಿ ಲಯವನ್ನು ಸಡಿಲಿಸುವ, ಮತ್ತೊಬ್ಬನಿಗೆ ಎಡೆಗೊಟ್ಟು ತಾನು ಹಿಂದೆ ಸರಿಯುವ ವಿವೇಕ ಏಕಾಂತದಲ್ಲಿ ಬಾರದು. 2011ರಲ್ಲಿ ನಮ್ಮ ಅರಮನೆ ಮೈದಾನದಲ್ಲಿ ನುಡಿಸಿದ ಮೆಟಾಲಿಕಾ ತಂಡ, 2013ರ ಡಿಸೆಂಬರಿನಲ್ಲಿ ಅಂಟಾರ್ಕ್ಟಿಕಾದ ಕಾರ್ಲಿನಿ ಕೇಂದ್ರದಲ್ಲಿ, ಅಲ್ಲಿಯ ನಿಸರ್ಗಕ್ಕೆ ಬಾಧೆಯಾಗದಂತೆ ಧ್ವನಿವರ್ಧಕಗಳನ್ನು ತೊರೆದು ಶ್ರೋತೃಗಳ ಹೆಡ್‌ಫೋನುಗಳಿಗೇ ಸಂಗೀತವನ್ನು ಕಳುಹಿಸಿತು. ಆದರೆ ಅಲ್ಲಿಯೂ ವಾದಕರೂ ಶ್ರೋತೃಗಳೂ ಒಂದೇ ಸೂರಿನ ಕೆಳಗೆ, ಪರಸ್ಪರ ಮುಖ ಕಾಣುವಂತೆ ನಿಂತಿದ್ದರು.

ಆದುದರಿಂದ ಬ್ರೂಕ್‌ಫೀಲ್ಡ್, ಕುಂದಲಹಳ್ಳಿ, ವೈಟ್‌ಫೀಲ್ಡುಗಳ ವಸತಿ ಸಂಘಗಳಲ್ಲಿ ನನ್ನ ಬಿನ್ನಹವಿಷ್ಟು: ಈಜುಕೊಳಕ್ಕೂ ಜಿಮ್ಮಿಗೂ ಸ್ಥಳವನ್ನು ಕಂಡುಕೊಂಡ ನೀವು ಸಂಗೀತಕ್ಕೂ ಒಂದು ಕೊಠಡಿಯನ್ನು ಕೊಡಿರಿ. ಹೇಗೂ ಗದ್ದಲವಿರುವ, ನೆಲಮಾಳಿಗೆಯ ಜನರೇಟರ್ ಕೋಣೆಯ ಆಸುಪಾಸೇ ಇದಕ್ಕೆ ಯೋಗ್ಯವಾದೀತು. ಗೋಡೆಗೆ ಸ್ಪಂಜು ಅಂಟಿಸಿದರೆ ಒಳಗಿನ ಪ್ರತಿಧ್ವನಿ ತಗ್ಗುವುದೇ ಹೊರತು ಹೊರಹೋಗುವ ಸದ್ದು ನಿಲ್ಲದು. ಅದಕ್ಕೆ ನಡುವೆ ಗಾಳಿಯ ತೆರಪುಳ್ಳ ಜೋಡಿಗೋಡೆ, ರಬ್ಬರಿನ ಮೇಲೆ ನಿಲ್ಲಿಸಿದ ನೆಲ, ಸಂದುಗಳನ್ನು ಭದ್ರವಾಗಿ ಮುಚ್ಚಿದ ಬಾಗಿಲು ಇವು ಬೇಕು. ಸಂಜೆಯ ಎರಡು ಮೂರು ಗಂಟೆಗಳನ್ನು ಸರದಿಯ ಮೇಲೆ ಹಂಚಿಕೊಟ್ಟರೂ ಸಾಕು. ಗಿಟಾರ್ ವಾದಕರಿಗಾದರೂ ಮಾಡೆಲರಿನ ಆಸರೆ ಉಂಟು. ಅದೇ ಕಟ್ಟಡದಲ್ಲಿ ಯಕ್ಷಗಾನದ ಚೆಂಡೆ ಕಲಿಯಬಯಸುವ ಕರಾವಳಿಯ ಹುಡುಗನಿಗೆ, ಡೋಲು ಕಲಿಯುವ ಹುಡುಗಿಗೆ, ಹೆಡ್‌ಫೋನ್ ಸಿಕ್ಕಿಸುವ ರಂಧ್ರವೇ ಇಲ್ಲದ ವಾದ್ಯಗಳನ್ನು ನೆಚ್ಚಿದ ಅವರಿಗೆ, ಈ ಕೊಠಡಿಯ ಹೊರತು ಬೇರೆ ಗತಿಯಿಲ್ಲ.